ಕಿವಿಗೊಂದು ಕಂದಾಯ

ನಮ್ಮ ಎರೆನಾಡಿನಲ್ಲಿ ರೊಕ್ಕ ಕೊಟ್ಟು ತರುವ ಸಾಮಾನು ಬೇರೆ, ರೊಕ್ಕವಿಲ್ಲದೆ ಬರುವ ಸಾಮಾನು ಬೇರೆ. ಬೀಜ, ಗೊಬ್ಬರ, ಎಣ್ಣೆ, ಹುಬ್ಬಳ್ಳಿಯ ದುರ್ಗದಬೈಲಿನ ಮಿರ್ಚಿಭಜಿ ಇವೆಲ್ಲ ಮೊದಲನೇ ಪಂಗಡ. ಬಿಸಿಲು, ಧೂಳು, ಬುದ್ಧಿವಾದ, ಸುಗ್ಗಿಯಲ್ಲಿ ಬಾಜೂ ಹೊಲದವರು ಕೂಗಿ ಕರೆದು ಕೊಡುವ ಸೀತನಿ ಇವೆಲ್ಲ ಎರಡನೆಯದು. ಹಾಡು ಮೊದಲಿನಿಂದಲೂ ಈ ಎರಡನೇ ಪಂಗಡದಲ್ಲೇ ಕೂತುಬಂದಿದೆ. ಹಾಗಂತ ಹಾಡಿಗೆ ನಾವು ಕೈ ಬಿಚ್ಚುವುದಿಲ್ಲ ಎಂದಲ್ಲ. ಸಣ್ಣಾಟದಲ್ಲಿ ಗಂಗಿಯ ಪಾತ್ರದವನು ಒಂದು ಪದ ಚೆನ್ನಾಗಿ ಎತ್ತಿದನೆಂದರೆ ಆಟ ನಿಲ್ಲಿಸಿ, ರಂಗ ಹತ್ತಿ, ಅವನ ಸೆರಗಿಗೆ ನೋಟು ಚುಚ್ಚಿ, ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಮೈಕಿನಲ್ಲಿ ಕೂಗಿಸಿಯೇ ಕೆಳಗಿಳಿಯುವ ದಾನಶೂರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದು ಹಾಡಿದವನಿಗೆ ಕೊಟ್ಟದ್ದು. ಬರೀ ಕೇಳಿದ್ದಕ್ಕೆ, ಅದೂ ತಿಂಗಳು ತಿಂಗಳು, ಅದೂ ನಮ್ಮ ಹೆಸರನ್ನು ಒಂದು ಸಲವೂ ಕೂಗದ ಯಾವನೋ ಆಕಾಶಸ್ಥನಿಗೆ ರೊಕ್ಕ ಕೊಡಬೇಕೆ? ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಮಲಗಿದ ಕೂಸು ಜೋಗುಳಕ್ಕೆ ಚಂದಾ ಕಟ್ಟಿದ್ದುಂಟೆ?

ಇಂಥದೊಂದು ಪ್ರಶ್ನೆ ನನ್ನ ತಲೆಗೆ ಯಾಕೆ ಬಂತು ಎಂಬುದನ್ನು ನಿಧಾನಕ್ಕೆ ಹೇಳುತ್ತೇನೆ. ಅವಸರವಿದ್ದವರು ಮುಂದಿನ ಬಸ್ಸಿಗೆ ಹೋಗಬಹುದು. ಉಳಿದವರು ಈ ಜಮಖಾನದ ಮೇಲೆ ಕೂಡ್ರಬೇಕು. ನವಲಗುಂದದ್ದು, ಹಳೆಯದು, ಬಣ್ಣ ತುಸು ಮಾಸಿದೆ. ನವಿಲಿನ ಮೇಲೆ ಮಾತ್ರ ಕಾಲಿಡಬೇಡಿ, ನಮ್ಮ ಕಾಕು ಸಿಟ್ಟಾಗುತ್ತಾಳೆ.

ತಮಾಷೆಯೆಂದರೆ, ಒಂದು ಕಾಲಕ್ಕೆ ನಾವೆಲ್ಲ ರೇಡಿಯೋಕ್ಕೆ ರೊಕ್ಕ ಕೊಟ್ಟವರೇ. ಪರವಾನಗಿಯಿಲ್ಲದೆ ಮನೆಯಲ್ಲಿ ರೇಡಿಯೋ ಇಟ್ಟುಕೊಂಡರೆ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಬೇಕು. ಅದಕ್ಕೊಂದು ಸಣ್ಣ ಪುಸ್ತಕ. ಪೋಸ್ಟ್ ಮಾಸ್ತರರು ಅದರಲ್ಲಿ ಟಿಕೀಟು ಅಂಟಿಸಿ, ಅದರ ಮೇಲೆ ಧಡ್ ಎಂದು ಮುದ್ರೆ ಒತ್ತಿ ಕೊಡುತ್ತಿದ್ದರು. ನಮ್ಮ ಕಾಕಾನ ಪುಸ್ತಕ ಇನ್ನೂ ಇದೆ. ನೆಲ್ಲಿಕಾಯಿ ಬಣ್ಣಕ್ಕೆ ತಿರುಗಿದ ಹಾಳೆಗಳು, ಮುದ್ರೆಯ ಮಸಿ ಹಿಂದಿನ ಪುಟಕ್ಕೂ ಇಳಿದು ಎರಡು ವರ್ಷಗಳು ಒಂದರೊಳಗೊಂದು ಕಲೆತುಹೋಗಿವೆ. ಕೆಲವು ವರ್ಷಗಳ ಜಾಗ ಖಾಲಿ. ಅವು ಬರಗಾಲದ ವರ್ಷಗಳೋ ಕಾಕಾನ ಧೈರ್ಯದ ವರ್ಷಗಳೋ ತಿಳಿಯದು. ತಪಾಸಣೆಗೆ ಸಾಹೇಬರು ಬಂದಿದ್ದಾರೆ ಎಂಬ ಗಾಳಿಸುದ್ದಿ ಅಗಸಿ ದಾಟಿತೆಂದರೆ ಊರಿನ ಅರ್ಧ ರೇಡಿಯೋಗಳು ಜೋಳದ ಕಣಜ ಸೇರುತ್ತಿದ್ದವಂತೆ. ಒಂದು ಮನೆಯಲ್ಲಿ ಅವಸರಕ್ಕೆ ಬಂದ್ ಮಾಡುವುದನ್ನು ಮರೆತು, ಕಣಜವೇ ಪ್ರದೇಶ ಸಮಾಚಾರ ಓದಿತೆಂದು ಕಾಕಾ ಹೇಳುತ್ತಾನೆ. ಕಾಕಾನ ಮಾತನ್ನು ನಾನು ನಾಲ್ಕಾಣೆ ಮಾತ್ರ ನಂಬುತ್ತೇನೆ. ಉಳಿದ ಹನ್ನೆರಡಾಣೆಯನ್ನು ಸವಿಯುತ್ತೇನೆ.

ಈ ಕಿವಿಗಂದಾಯವನ್ನು 1980ರ ದಶಕದಲ್ಲಿ ಸರಕಾರ ರದ್ದು ಮಾಡಿತು. ಅಲ್ಲಿಂದ ಧಾರವಾಡ ಆಕಾಶವಾಣಿ ನಮಗೆ ಬಿಸಿಲಿನಷ್ಟೇ ಸಲೀಸಾಯಿತು. 1950ರ ಜನವರಿ 8ರಂದು ಶುರುವಾದ ನಿಲಯ ಅದು. ಬೇಂದ್ರೆ ಅಲ್ಲಿ ಸಾಹಿತ್ಯ ಸಲಹೆಗಾರರು, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರು, ಎನ್ಕೆ ಅವರಂಥ ಹಾಸ್ಯದ ಕೈ ನಾಟಕ ಬರೆಯುವುದಕ್ಕೆ. ಇಂಥವರನ್ನೆಲ್ಲ ಒಂದೇ ಮಾಡಿನ ಕೆಳಗೆ ಕೂಡ್ರಿಸಿ, ಅದರ ಫಲವನ್ನು 765 ಕಿಲೋಹರ್ಟ್ಸ್‌ನಲ್ಲಿ ಎಮ್ಮೆ ಕಾಯುವವನ ಹೆಗಲ ಮೇಲಿನ ಪೆಟ್ಟಿಗೆಗೆ ಕಳಿಸುವುದೆಂದರೆ ಸಣ್ಣ ಖರ್ಚಿನ ಮಾತಲ್ಲ. ಖರ್ಚು ಯಾರು ಕೊಟ್ಟರೆಂದು ಎಮ್ಮೆ ಕಾಯುವವನು ಕೇಳಲಿಲ್ಲ. ನಾನೂ ಕೇಳಿದವನಲ್ಲ. ಪುಕ್ಕಟೆ ಬಂದದ್ದರ ಮೂಲ ಹುಡುಕಬಾರದು ಎಂಬ ಒಳ್ಳೆಯ ಬುದ್ಧಿ ನನಗೆ ಸಣ್ಣಂದಿನಿಂದಲೇ ಇದೆ.

ಹೀಗಿರುವಾಗ ಉಪಗ್ರಹ ರೇಡಿಯೋ ಬಂತು. ನೋವಾ ಸಮಾರಾ ಎಂಬ ಇಥಿಯೋಪಿಯಾ ಮೂಲದವರು ಕಟ್ಟಿದ ವರ್ಲ್ಡ್‌ಸ್ಪೇಸ್ ಎಂಬ ಕಂಪನಿಯದು. ಆಫ್ರಿಕದ ಮೂಲೆಮೂಲೆಗೆ ಏಡ್ಸ್‌ನಂಥ ರೋಗದ ತಿಳಿವಳಿಕೆ ಮುಟ್ಟಿಸಬೇಕು, ರಸ್ತೆ ಇಲ್ಲದ ಊರಿಗೂ ಧ್ವನಿ ಹೋಗಬೇಕು ಎಂಬುದು ಅವರ ಮೊದಲ ಕನಸು. 1998ರಲ್ಲಿ ಆಫ್ರಿಸ್ಟಾರ್ ಎಂಬ ಉಪಗ್ರಹ ಹಾರಿಸಿದರು. 2000ದ ಮಾರ್ಚಿನಲ್ಲಿ ಏಷ್ಯಾಸ್ಟಾರ್. ಕನಸುಗಳಿಗೆ ತಮ್ಮ ದಾರಿ ತಾವೇ ಹುಡುಕಿಕೊಳ್ಳುವ ಚಾಳಿಯಿದೆ ನೋಡಿ, ಆಫ್ರಿಕದ ಬಡವರಿಗೆಂದು ಹೊರಟದ್ದು ಕೊನೆಗೆ ಹೆಚ್ಚಿನ ಚಂದಾದಾರರನ್ನು ಕಂಡುಕೊಂಡದ್ದು ಭಾರತದ ಪಡಸಾಲೆಗಳಲ್ಲಿ. ಎ. ಆರ್. ರೆಹಮಾನ್ ಅದಕ್ಕೆ ರಾಯಭಾರಿ; ಅದರ ಗುರುತಿನ ರಾಗವನ್ನೂ ಅವರೇ ಕಟ್ಟಿಕೊಟ್ಟರು. ಕನ್ನಡಕ್ಕೆ 'ಸ್ಪರ್ಶ', ಹಿಂದೂಸ್ತಾನಿಗೆ 'ಗಂಧರ್ವ', ಕರ್ನಾಟಕ ಸಂಗೀತಕ್ಕೆ 'ಶ್ರುತಿ', ಹಳೆಯ ಹಿಂದಿ ಹಾಡಿಗೆ 'ಫರಿಶ್ತಾ', ಗಜಲಿಗೆ 'ಫಲಕ್'. ಒಂದೊಂದು ರುಚಿಗೆ ಒಂದೊಂದು ವಾಹಿನಿ, ಹಗಲೂ ರಾತ್ರಿ, ಬಹುತೇಕ ಜಾಹೀರಾತಿನ ಗದ್ದಲವಿಲ್ಲದೆ. ವರ್ಷದ ಚಂದಾ ಸಾವಿರದ ಲೆಕ್ಕದಲ್ಲಿ.

ಕುಂದಗೋಳ ತಾಲೂಕಿನ ನಮ್ಮ ಕಾಕಾನ ಹಳ್ಳಿಗೆ ಅದು ಬಂದದ್ದು ಅವನ ನಿವೃತ್ತಿಯ ಉಡುಗೊರೆಯಾಗಿ. ಕಾಕಾ ಕನ್ನಡ ಸಾಲಿ ಮಾಸ್ತರ. ಬ್ಯಾಂಕಿನಲ್ಲಿರುವ ಮಗ ಹುಬ್ಬಳ್ಳಿಯಿಂದ ಪೆಟ್ಟಿಗೆ ತಂದು, ಚಂದಾ ತಾನೇ ಕಟ್ಟಿ, ಆಂಟೆನಾ ಹೊಂದಿಸುವ ಕೆಲಸವನ್ನು ಮಾತ್ರ ಅಪ್ಪನಿಗೆ ಬಿಟ್ಟು ಮರಳಿ ಹೋದ. ಆ ಆಂಟೆನಾ ಕೋಲಲ್ಲ, ಬುಟ್ಟಿಯಲ್ಲ, ಅಂಗೈಗಿಂತ ತುಸು ದೊಡ್ಡದಾದ ಒಂದು ಚಪ್ಪಟೆ ತಟ್ಟೆ. ಅದಕ್ಕೆ ಆಕಾಶ ಬಯಲಾಗಿ ಕಾಣಬೇಕು. ಮಾಳಿಗೆ ಮನೆಯಲ್ಲಿ ಆಕಾಶ ಕಾಣುವ ಜಾಗ ಒಂದೇ, ಬೆಳಕಿಂಡಿ. ಕಾಕಾ ಏಣಿ ಹಚ್ಚಿ ಮೇಲೆ ಹೋದ. ಮಣ್ಣಿನ ಮಾಳಿಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿದ. ಕೆಳಗೆ ಕಾಕು ಪೆಟ್ಟಿಗೆಯ ಗೆರೆಗಳನ್ನು ನೋಡಿ "ಬಂತು, ಹೋತು, ಬಂತು, ಹೋತು" ಎಂದು ಬೆಳಕಿಂಡಿಗೆ ಬಾಯಿ ಹಚ್ಚಿ ಕೂಗುತ್ತಿದ್ದಳು. ಬೇವಿನ ಟೊಂಗೆ ಅಡ್ಡ ಬಂದರೆ ಹೋತು, ಕಾಕಾನ ತಲೆಯೇ ಅಡ್ಡ ಬಂದರೂ ಹೋತು.

ಕೊನೆಗೆ ಸಿಕ್ಕ ದಿಕ್ಕು ಮೂಡಣ, ಮೂಡಣದಿಂದ ತುಸು ತೆಂಕಣಕ್ಕೆ ಸರಿದು, ನಡುಬಾನಿಗೆ ಅರ್ಧ ದಾರಿಯಷ್ಟು ಎತ್ತರ. ಏಷ್ಯಾಸ್ಟಾರ್ ನಿಂತದ್ದು 105 ಡಿಗ್ರಿ ಪೂರ್ವ ರೇಖಾಂಶದ ನೆತ್ತಿಯ ಮೇಲೆ, ನಾವಿರುವುದು 75ರಲ್ಲಿ. ಆ ಲೆಕ್ಕ ನಿಮಗೆ ಬೇಡವಾದರೆ ಕಾಕಾನ ಲೆಕ್ಕ ಕೊಡುತ್ತೇನೆ: ಮಹಾನವಮಿಯ ಹೊತ್ತಿಗೆ ಬೆಳಿಗ್ಗೆ ಹತ್ತರ ಸುಮಾರು ಸೂರ್ಯ ಎಲ್ಲಿರುತ್ತಾನೋ ಅಲ್ಲಿ. ಆ ಜಾಗ ಸಿಕ್ಕ ಮೇಲೆ ಕಾಕಾ ತಟ್ಟೆಯ ಬುಡಕ್ಕೆ ನಾಲ್ಕು ಕಲ್ಲು ಇಟ್ಟು, ಕೈಮುಗಿದು ಇಳಿದ. ಯಾರಿಗೆ ಮುಗಿದದ್ದೆಂದು ಕೇಳಿದರೆ, "ಇಬ್ಬರೂ ಅಲ್ಲೇ ಅದಾರಲ್ಲೋ" ಎಂದ.

ಆ ರಾತ್ರಿ 'ಗಂಧರ್ವ'ದಲ್ಲಿ ಭೀಮಸೇನ ಜೋಶಿಯವರ ಧ್ವನಿ ಇಳಿದು ಬಂತಂತೆ. ಇಲ್ಲಿ ತುಸು ನಿಲ್ಲೋಣ. ಕುಂದಗೋಳ ಎಂದರೆ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರ ಊರು. ಹುಡುಗ ಭೀಮಸೇನ ಬಂದು, ನೀರು ಹೊತ್ತು, ಗುರುಸೇವೆ ಮಾಡಿ ಸ್ವರ ಕಲಿತದ್ದು ಇದೇ ಊರಲ್ಲಿ. ಹುಬ್ಬಳ್ಳಿಯಿಂದ ಗಂಗೂಬಾಯಿ ರೈಲು ಹತ್ತಿ ಪಾಠಕ್ಕೆ ಬರುತ್ತಿದ್ದದ್ದು ಇದೇ ಸ್ಟೇಷನ್ನಿಗೆ. ಬಸವರಾಜ ರಾಜಗುರುಗಳು ಹುಟ್ಟಿದ ಯಲಿವಾಳ ಇದೇ ತಾಲೂಕು. ನಾಡಗೀರರ ವಾಡೆಯಲ್ಲಿ ಗುರುವಿನ ಪುಣ್ಯತಿಥಿಗೆ ರಾತ್ರಿಯಿಡೀ ಹಾಡುವಾಗ, ಹೊರಗೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತವರ ಹತ್ತಿರ ಟಿಕೀಟು ಕೇಳಿದವರಿಲ್ಲ. ಅಂಥ ಊರಿನ ಸ್ವರ ಎಲ್ಲೆಲ್ಲೋ ಸುತ್ತಿ, ಭೂಮಿಯಿಂದ ಸುಮಾರು 36,000 ಕಿಲೋಮೀಟರು ಮೇಲೇರಿ, ಅಲ್ಲಿಂದ ಅಷ್ಟೇ ದೂರ ಕೆಳಗಿಳಿದು, ಕಾಕಾನ ಬೆಳಕಿಂಡಿಯಲ್ಲಿ ತೂರಿ, ಮತ್ತೆ ಕುಂದಗೋಳಕ್ಕೆ ಬಂತು. ಬರುವಾಗ ಬಿಲ್ಲನ್ನೂ ತಂತು. ಮನೆಯ ಹಿತ್ತಲಿನ ಕರಿಬೇವನ್ನು ಸಿಂಗಾಪುರದ ದಾರಿಯಲ್ಲಿ ಒಗ್ಗರಣೆಗೆ ತರಿಸಿಕೊಂಡ ಹಾಗೆ. ಆದರೂ ಒಗ್ಗರಣೆ ಘಮಘಮಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ನಾನೇ ಒಮ್ಮೆ ಆ ಪಡಸಾಲೆಯಲ್ಲಿ ಹೊರಸಿನ ಮೇಲೆ ಒರಗಿ ಕೇಳಿದ್ದೇನೆ. ಒಂದು ಗರಗರ ಇಲ್ಲ, ಒಂದು ಕೀಚು ಇಲ್ಲ. ತಂಬೂರಿಯ ತಂತಿಗಳ ನಡುವಿನ ಗಾಳಿಯೂ ಕೇಳುತ್ತಿತ್ತು. ಗವಯಿ ಉಸಿರು ತೆಗೆದುಕೊಂಡರೆ ನಾವೂ ತೆಗೆದುಕೊಳ್ಳಬೇಕು ಅನ್ನಿಸುವಷ್ಟು ಹತ್ತಿರ.

ಸಮಸ್ಯೆ ಧ್ವನಿಯಲ್ಲಿರಲಿಲ್ಲ, ಕಾಕಾನ ಲೆಕ್ಕಾಚಾರದಲ್ಲಿತ್ತು.

ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ತ್ರೈರಾಶಿಕ ಕಲಿಸಿದ ಮನುಷ್ಯ. ಚಂದಾ ಇಷ್ಟು, ವರ್ಷಕ್ಕೆ 8,760 ತಾಸು, ಹಾಗಾದರೆ ತಾಸಿಗೆ ಎಷ್ಟು? ಪೈಸೆಗಳ ಲೆಕ್ಕ ಬಂತು. ಭಾಳ ಸೋವಿ ಎಂದು ಮೊದಲು ಹಿಗ್ಗಿದ. ಮರುದಿನ ಹೊಳೆಯಿತು: ಅದು ಇಪ್ಪತ್ತನಾಲ್ಕೂ ತಾಸು ಕೇಳಿದರೆ ಮಾತ್ರ! ದಿನಕ್ಕೆ ಎರಡೇ ತಾಸು ಕೇಳಿದರೆ ದರ ಹನ್ನೆರಡು ಪಟ್ಟು ಏರುತ್ತದೆ. ಮಲಗಿದರಂತೂ ಶುದ್ಧ ಲುಕ್ಸಾನ. ಅಂದಿನಿಂದ ಪೆಟ್ಟಿಗೆ ಬಂದ್ ಆಗಲಿಲ್ಲ. ಊಟಕ್ಕೆ 'ಸ್ಪರ್ಶ', ಸಂಡಿಗೆ ಒಣಹಾಕುವಾಗ 'ಶ್ರುತಿ', ಎಮ್ಮೆ ಹಿಂಡುವಾಗ 'ಗಂಧರ್ವ'. ಅರ್ಥವಾಗದ ಗಜಲಿಗೂ ತಲೆದೂಗಬೇಕಾಯಿತು, ಯಾಕೆಂದರೆ ಅದೂ ಚಂದಾದೊಳಗೇ ಬರುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರಾದರೆ ಕಾಕಾ ಕಿವಿ ನಿಮಿರಿಸಿ ಹತ್ತು ನಿಮಿಷ ಕೇಳಿ, ಅಷ್ಟು ವಸೂಲಾಯಿತೆಂದು ಮಗ್ಗಲು ಬದಲಿಸುತ್ತಿದ್ದ.

"ನೀವು ಹೊಲಕ್ಕ ಹೋಗೀರಿ, ನಾ ಹಳ್ಳಕ್ಕ ಹೋಗೀನಿ, ಮನ್ಯಾಗ ಎಮ್ಮಿ ಒಂದ ಮಾಲಕಂಸ ಕೇಳಾಕತ್ತೈತಿ" ಎಂದು ಕಾಕು ದೂರಿದಳು.

"ಕೇಳ್ಲಿ ಬಿಡು. ರೊಕ್ಕ ಕೊಟ್ಟೀವಿ" ಎಂದ ಕಾಕಾ.

ನನಗೆ ಈ ಚಂದಾಗಿವಿಯ ಅವಸ್ಥೆ ನೋಡಿದಾಗಲೇ ರೇಡಿಯೋದ ನಿಜವಾದ ಸುಖ ಯಾವುದೆಂದು ಅಂದಾಜು ಸಿಕ್ಕದ್ದು. ರೇಡಿಯೋ ಹಾಳು ಮಾಡುವುದಕ್ಕೆ ಇರುವ ವಸ್ತು. ಅದು ಹಾಡುತ್ತಿರಬೇಕು, ನಾವು ಮಾತಾಡುತ್ತಿರಬೇಕು. ಅದು ಗೋವಿನಜೋಳದ ಲದ್ದಿಹುಳದ ಹತೋಟಿ ಹೇಳುತ್ತಿರಬೇಕು, ನಾವು ತೂಕಡಿಸುತ್ತಿರಬೇಕು. ಕೇಳಿದ್ದಕ್ಕಿಂತ ಕೇಳದೆ ಬಿಟ್ಟದ್ದೇ ಹೆಚ್ಚಿರಬೇಕು, ಬಿಟ್ಟದ್ದರ ಬಗ್ಗೆ ಕಸಿವಿಸಿ ಇರಬಾರದು. ಪೂರ್ತಿ ಎಚ್ಚರದಿಂದ ರೇಡಿಯೋ ಕೇಳುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಅವರು ಪರೀಕ್ಷೆಗೆ ಓದುತ್ತಿರಬೇಕು, ಇಲ್ಲವೇ ಸುದ್ದಿಯಲ್ಲಿ ತಮ್ಮ ಹೆಸರು ಬರುವುದಿರಬೇಕು. ರೊಕ್ಕ ಕೊಟ್ಟವನಿಗೆ ಈ ಹಾಳುಗೆಡಹುವ ಹಕ್ಕೇ ಹೋಗಿಬಿಡುತ್ತದೆ. ಅವನು ಕೇಳುಗನಲ್ಲ, ವಸೂಲಿದಾರ.

ಇನ್ನೊಂದಿದೆ, ಕಾಯುವುದು. ಶನಿವಾರ ರಾತ್ರಿ ಒಂಬತ್ತೂವರೆಗೆ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಇದು 1952ರಲ್ಲಿ ಶುರುವಾದ ರೂಢಿ. ನಮ್ಮ ಹಿರಿಯರ ಪಾಲಿಗೆ ಶನಿವಾರ ಬೆಳಗ್ಗೆಯೇ ಆ ಒಂಬತ್ತೂವರೆ ಶುರುವಾಗುತ್ತಿತ್ತು. ಸಂಜೆಗೆ ಬ್ಯಾಟರಿ ತೆಗೆದು ಬಿಸಿಲಿಗೆ ಇಟ್ಟು ಶಕ್ತಿ ಬರಿಸುವುದು, ಬಂತೋ ಇಲ್ಲವೋ ದೇವರೇ ಬಲ್ಲ. ರೊಟ್ಟಿ ಬೇಗ ಬಡಿಸಿಕೊಳ್ಳುವುದು, ಮಕ್ಕಳನ್ನು ಬೈದು ಮಲಗಿಸುವುದು. ಯಾರ ಹಾಡು ಬರುತ್ತದೋ ಬರಲಿ. ಮನಸೂರರು ಬಂದರೆ ಹಬ್ಬ, ದೂರದ ಯಾರೋ ಹೆಸರು ಕೇಳದವರು ಬಂದರೆ ಪರಿಚಯ. 'ಗಂಧರ್ವ'ದಲ್ಲಿ ಹಬ್ಬ ದಿನವೂ ಇತ್ತು. ದಿನವೂ ಹೋಳಿಗೆ ಉಂಡವರ ಮುಖ ನೋಡಿದ್ದೀರಲ್ಲ.

ಹಳೆಯ ರೇಡಿಯೋದ ಗರಗರವನ್ನು ನಾವು ಸುಮ್ಮನೆ ಬೈದೆವು ಎಂದೂ ನನಗೆ ಅನ್ನಿಸುತ್ತದೆ. ಚೈತ್ರ ವೈಶಾಖದ ಮಧ್ಯಾಹ್ನ, ಎರೆ ಹೊಲ ಕಾದು ಬಿರುಕು ಬಿಟ್ಟು ಅಂಗಾಲಷ್ಟು ಅಗಲ ಬಾಯಿ ತೆರೆದಿರುತ್ತದೆ. ಗಾಳಿ ಇಲ್ಲ. ಎಲ್ಲರ ಮನೆಯ ರೇಡಿಯೋದಲ್ಲೂ ಧಾರವಾಡದ ಯಾವುದೋ ಭಾವಗೀತೆ. ಇದ್ದಕ್ಕಿದ್ದಂತೆ ನಡುವೆ 'ಚರ್' ಎಂದು ಒಂದು ಗೀರು. ಮತ್ತೆ ಹಾಡು. ಮತ್ತೆ 'ಚರ್, ಚರ್ರ್'. ಆಕಾಶ ನೋಡಿದರೆ ಬಿಳಿ ಬಿಳಿ, ಒಂದು ಮೋಡದ ತುಣುಕಿಲ್ಲ. ಆದರೆ ಅಜ್ಜಿ ಅಂಗಳದ ಶೇಂಗಾ ಎತ್ತಲು ಎದ್ದಾಗಿದೆ. ಕಲಘಟಗಿ ಕಡೆ ಮಿಂಚುತ್ತಿದೆ ಎಂದು ಪೆಟ್ಟಿಗೆ ಹೇಳಿದೆ! ಮಿಂಚು ಹೊಡೆದಾಗ ಏಳುವ ರೇಡಿಯೋ ಅಲೆಗಳನ್ನು ಮಧ್ಯಮ ತರಂಗದ ಸೆಟ್ಟು ಹಾಡಿನ ಜೊತೆಗೇ ಹಿಡಿದುಬಿಡುತ್ತದೆ. ಅದಕ್ಕೆ ಯಾವುದು ಧಾರವಾಡದ ಸ್ಟುಡಿಯೋದ್ದು, ಯಾವುದು ಮೋಡದ್ದು ಎಂಬ ಭೇದವಿಲ್ಲ. ಗೀರುಗಳು ಒತ್ತೊತ್ತಾಗಿ ಬಂದಷ್ಟೂ ಅಡ್ಡಮಳೆ ಹತ್ತಿರ. ಕೊನೆಗೆ ಹಾಡೇ ಕೇಳದಷ್ಟಾದಾಗ ಹೊರಗೆ ಧೂಳು ಏಳುತ್ತದೆ, ಅಗಸಿಯ ಕಡೆಯಿಂದ ಮಣ್ಣಿನ ವಾಸನೆ ಬರುತ್ತದೆ. ಕಾಕಾನ ಡಿಜಿಟಲ್ ಪೆಟ್ಟಿಗೆ ಇಂಥ ಚಾಡಿ ಹೇಳುವ ಪೈಕಿಯದಲ್ಲ. ಹೊರಗೆ ಪ್ರಳಯವಾದರೂ ಅದರೊಳಗೆ ವಿಲಂಬಿತ ಏಕತಾಲ ನಡೆಯುತ್ತಿರುತ್ತದೆ. ಒಮ್ಮೆ ಹಾಗೆಯೇ ಆಗಿ, ಒಣಹಾಕಿದ ಹಸಿ ಕಾಳು ಅಂಗಳದಿಂದ ಗಟಾರಿನವರೆಗೆ ತೇಲಿತು. ಪೆಟ್ಟಿಗೆ ತಾಳ ತಪ್ಪಲಿಲ್ಲ.

ಇನ್ನು ರಾತ್ರಿಯ ಮಾತು. ಆಕಾಶಕ್ಕೆ ಬಡಿದು ವಾಪಸು ಬರುವ ಹಾಡು ಉಪಗ್ರಹದವರ ಶೋಧವೇನಲ್ಲ. ಮೇಲೆ ಅಯಾನುಗೋಳ ಎಂಬ ಪದರಗಳಿವೆ. ಹಗಲಿನಲ್ಲಿ ಸೂರ್ಯನ ದೆಸೆಯಿಂದ ಅದರ ಕೆಳಪದರ ಮಧ್ಯಮ ತರಂಗಗಳನ್ನು ನುಂಗಿಬಿಡುತ್ತದೆ. ಕತ್ತಲಾದೊಡನೆ ಆ ನುಂಗುಬಾಕ ಪದರ ಕರಗುತ್ತದೆ, ಮೇಲಿನದು ಅಲೆಗಳನ್ನು ಕೆಳಕ್ಕೆ ತಿರುಗಿಸಿ ಕಳಿಸುತ್ತದೆ. ಆಗ ನೋಡಿ ಮಜಾ. ಧಾರವಾಡದ ಆಚೀಚೆ ಮುಳ್ಳನ್ನು ಕೂದಲೆಳೆ ಸರಿಸಿದರೆ ಯಾವುದೋ ತಮಿಳು, ಇನ್ನೊಂದು ಎಳೆ ಸರಿಸಿದರೆ ಗೊತ್ತಿಲ್ಲದ ಭಾಷೆಯ ಪ್ರಾರ್ಥನೆ, ಅಲೆ ಏರುತ್ತ ಇಳಿಯುತ್ತ, ಹತ್ತಿರ ಬಂದು ದೂರ ಸರಿಯುತ್ತ. ಕಿರುತರಂಗದಲ್ಲಂತೂ ರೇಡಿಯೋ ಸಿಲೋನಿನಿಂದ ಅಮೀನ್ ಸಯಾನಿಯವರ ಧ್ವನಿ, ಬುಧವಾರದ ಬಿನಾಕಾ ಗೀತಮಾಲಾ. ನವಲಗುಂದದ ಕಟ್ಟೆಯ ಮೇಲೆ ಕೂತು ಕೊಲಂಬೋದಿಂದ ಬಂದ ಮುಂಬಯಿಯ ಹಾಡು ಕೇಳಿದವರಿಗೆ ದೇವರು ಬಿಲ್ಲು ಕಳಿಸಲಿಲ್ಲ.

ಪುಕ್ಕಟೆ ಕೇಳಿದ್ದರ ಮಹಿಮೆ ಹೇಳುವುದಾದರೆ ನಮ್ಮ ಕಡೆಯ ಸಂಗೀತದ ಚರಿತ್ರೆಯ ಅರ್ಧ ಭಾಗವೇ ಬಿಟ್ಟಿ ಕೇಳುವಿಕೆಯದು. ಹುಡುಗ ಭೀಮಸೇನ ಗದಗಿನಲ್ಲಿ ಅಂಗಡಿಯ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿದ್ದು, ಆ ಹುಚ್ಚಿಗೆ ಮನೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಧಾರವಾಡದಲ್ಲಿ ಸಣ್ಣ ಹುಡುಗಿ ಗಂಗೂ, ಗ್ರಾಮೋಫೋನಿನ ಸದ್ದು ಬಿದ್ದರೆ ಸಾಕು, ಬೀದಿಗೆ ಓಡುತ್ತಿದ್ದಳು. ಗದಗಿನ ಆ ಅಂಗಡಿಕಾರ 'ಏ ತಮ್ಮಾ, ಚಂದಾ ಕಟ್ಟಿದಿಯೇನೋ?' ಎಂದು ಕೇಳಿದ್ದರೆ ಏನಾಗುತ್ತಿತ್ತೋ ಊಹಿಸಲಾರೆ. ಕಿರಾಣಾ ಘರಾಣೆಯ ಒಂದು ಕವಲೇ ಕಿರಾಣಿ ಉದ್ರಿಯ ಮೇಲೆ ಬೆಳೆದದ್ದು ಎಂದು ನನ್ನ ಗೆಳೆಯನೊಬ್ಬ ಪನ್ ಮಾಡುತ್ತಾನೆ. ಅವನನ್ನು ಕ್ಷಮಿಸಿ ಮುಂದೆ ಹೋಗೋಣ.

ಆದರೆ ಇನ್ನೊಂದು ಮಗ್ಗಲೂ ಇದೆ, ಅದನ್ನು ಮುಚ್ಚಿಟ್ಟರೆ ಮೋಸ. ಅಂಗಡಿಯವನು ಆ ತಟ್ಟೆಗೆ ರೊಕ್ಕ ಕೊಟ್ಟಿದ್ದ. ನಾಡಗೀರರು ತಮ್ಮ ವಾಡೆಯಲ್ಲಿ ಗವಯಿಗಳಿಗೆ ಊಟ, ಎಲೆಅಡಿಕೆ, ಗೌರವ ಎಲ್ಲ ಮಾಡಿದ್ದರು. ಆಕಾಶವಾಣಿಗೆ ದೇಶದ ಬೊಕ್ಕಸವಿತ್ತು. ಪುಕ್ಕಟೆ ಹಾಡಿನ ಹಿಂದೆ ಎಲ್ಲೋ ಒಬ್ಬ ರೊಕ್ಕದವನು ಸುಮ್ಮನೆ ನಿಂತಿರುತ್ತಾನೆ. ಅವನಿಲ್ಲದಾಗ ಏನಾಗುತ್ತದೆಂದು ವರ್ಲ್ಡ್‌ಸ್ಪೇಸಿನ ಕಥೆಯೇ ತೋರಿಸಿತು. ಉಪಗ್ರಹ ಕಟ್ಟುವುದು, ಹಾರಿಸುವುದು ನಮ್ಮ ಕಾಕಾನಂಥವರ ಚಂದಾದಿಂದ ತುಂಬಿಬರುವ ಖರ್ಚಲ್ಲ. 2008ರ ಅಕ್ಟೋಬರಿನಲ್ಲಿ ಕಂಪನಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಗೆರೆಗಳು ಬಂದವು, ಹೋದವು ಎನ್ನುವ ಕಾಕುವಿನ ಕೆಲಸವೂ ಮುಗಿಯಿತು. ಆಂಟೆನಾದ ತಟ್ಟೆ ಈಗ ಮಜ್ಜಿಗೆ ಗಡಿಗೆಯ ಮೇಲೆ ಮುಚ್ಚಳ. ಅಳತೆ ಸರಿಯಾಗಿದೆ. ಸೇವೆ ನಿಂತ ಆ ರಾತ್ರಿ ಕಾಕಾ ತಾನು ನಿರಾಳವಾಗಿ ನಿದ್ದೆ ಮಾಡಿದೆನೆಂದೇ ಹೇಳುತ್ತಾನೆ. ಎಮ್ಮೆಯ ಅಭಿಪ್ರಾಯ ತಿಳಿದುಬಂದಿಲ್ಲ.

ಈಗ ಹಳ್ಳಿಯ ಪ್ರತಿ ಮಾಳಿಗೆಯ ಮೇಲೂ ಬುಟ್ಟಿ ಆಂಟೆನಾ ಇದೆ, ಅದರಲ್ಲಿ ಬಹಳಷ್ಟು ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆಯಿಲ್ಲ. ಟಿವಿ ನೋಡಲು ಹಾಕಿಸಿದವರಲ್ಲಿ ಎಷ್ಟೋ ಮಂದಿಗೆ ಅದರ ಬಾಲದಲ್ಲಿ ಆಕಾಶವಾಣಿಯ ಹತ್ತಾರು ವಾಹಿನಿಗಳು ತೂಗಾಡುತ್ತಿವೆ ಎಂಬುದೇ ಗೊತ್ತಿಲ್ಲ. ಅದೂ ಉಪಗ್ರಹ ರೇಡಿಯೋವೇ ಆಯಿತಲ್ಲ! 93.5 ಡಿಗ್ರಿಯಲ್ಲಿ ನಿಂತ ನಮ್ಮದೇ ಜಿಸ್ಯಾಟ್-15ರಿಂದ ಇಳಿಯುವಂಥದು. 2016ರ ಗಣರಾಜ್ಯೋತ್ಸವದ ದಿನ ಬೆಂಗಳೂರಿನಿಂದ ಶುರುವಾದ 'ರಾಗಂ' ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ನಾನೇ ಕಾಕಾನ ಮನೆಯಲ್ಲಿ ಹಚ್ಚಿಕೊಟ್ಟೆ. ಟಿವಿಯ ಪರದೆ ಖಾಲಿ, ಅದರ ಹಿಂದಿನಿಂದ ಯಾರೋ ಆಲಾಪ. ಕಾಕು ಬಂದು ಪರದೆಯನ್ನು ಸೆರಗಿನಿಂದ ಒರೆಸಿ ನೋಡಿ, "ಧ್ವನಿ ಅಷ್ಟ ಬರಾಕತ್ತೈತಿ, ಮೋತಿ ಕೆಟ್ಟೈತೇನ ಇದರದು?" ಎಂದಳು. ಇದಕ್ಕೆ ಮಳೆಯ ಜ್ಞಾನವೂ ಇದೆ, ಒಂದು ನಮೂನೆಯದು. ದಪ್ಪ ಮಳೆ ಬಿದ್ದರೆ ಬುಟ್ಟಿಯ ಅಲೆ ತಡೆದು ಹಾಡು ನಿಂತೇಹೋಗುತ್ತದೆ. ಮಳೆ ಬಂದ ಮೇಲೆ ಮಳೆ ಬಂತೆಂದು ಹೇಳುವ ಈ ಪೆಟ್ಟಿಗೆಗಿಂತ ಅಜ್ಜಿಯ ಗರಗರ ಪೆಟ್ಟಿಗೆ ಎಷ್ಟೋ ವಾಸಿ. ಕಾಕಾ ಮಾತ್ರ ಬಹಳ ಸುಖದಲ್ಲಿದ್ದಾನೆ. ಹಚ್ಚುತ್ತಾನೆ, ನಾಲ್ಕು ನಿಮಿಷಕ್ಕೆ ಗೊರಕೆ. ವಸೂಲಿಯ ಚಿಂತೆಯಿಲ್ಲ.

ಇಷ್ಟೆಲ್ಲ ಹರಟೆಗೆ ಕಾರಣನಾದವನು ನನ್ನ ಅಕ್ಕನ ಮಗ. ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಹೊಸ ಕಾರು ಕೊಂಡ, ಅದರಲ್ಲಿ ಸಿರಿಯಸ್ ಎಕ್ಸ್‌ಎಂ ಎಂಬ ಉಪಗ್ರಹ ರೇಡಿಯೋ ಕೆಲವು ತಿಂಗಳು ಉಚಿತ. ಸಿರಿಯಸ್, ಎಕ್ಸ್‌ಎಂ ಎಂಬ ಎರಡು ಕಂಪನಿಗಳು ಪೈಪೋಟಿ ನಡೆಸಿ ಸುಸ್ತಾಗಿ 2008ರಲ್ಲಿ ಒಂದಾದದ್ದು ಅದು. ಉಚಿತದ ಅವಧಿ ಮುಗಿಯಿತು. 'ಮಾಮಾ, ರೊಕ್ಕ ಕಟ್ಟಲೋ ಬ್ಯಾಡೋ?' ಎಂದು ವಾಟ್ಸ್ಆ್ಯಪಿನಲ್ಲಿ ಕೇಳಿದ. ಜೀವನದ ದೊಡ್ಡ ನಿರ್ಧಾರಗಳಲ್ಲಿ, ಮದುವೆ, ನೌಕರಿ, ಮನೆ, ಯಾವುದಕ್ಕೂ ನನ್ನನ್ನು ಕೇಳದ ಹುಡುಗ ಇದೊಂದಕ್ಕೆ ಕೇಳಿದ್ದರಿಂದ ನಾನು ಪೂರ್ಣ ಗಾಂಭೀರ್ಯದಿಂದ ಯೋಚಿಸತೊಡಗಿದೆ.

ಅವನ ದೇಶಕ್ಕೆ ಆ ರೇಡಿಯೋ ಹೊಂದುತ್ತದೆ, ಒಪ್ಪಬೇಕು. ಅಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಅರ್ಧ ದಿನ ಕಾರು ಓಡಿಸಬೇಕು, ಎಫ್‌ಎಂ ಸ್ಟೇಷನ್ನು ಊರು ದಾಟುತ್ತಲೇ ಸೊರಗಿ ಸಾಯುತ್ತದೆ. ಮೇಲಿನಿಂದ ಬೀಳುವ ಹಾಡು ಮಾತ್ರ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಬೆನ್ನು ಬಿಡುವುದಿಲ್ಲ. ನಮ್ಮಲ್ಲಿ ನವಲಗುಂದದಿಂದ ಅಣ್ಣಿಗೇರಿಗೆ ಬಸ್ಸಿನಲ್ಲಿ ಹೊರಟರೆ ಕಂಡಕ್ಟರನ ಮೊಬೈಲಿನ ಜಾನಪದ ಹಾಡು ಮುಗಿಯುವ ಮುಂಚೆ ಊರು ಬರುತ್ತದೆ. ಮೊಬೈಲು ಎಂದಾಗ ನೆನಪಾಯಿತು, ಪ್ರತಿ ತಿಂಗಳೂ ಡೇಟಾಕ್ಕೆಂದು ನಾವು ತೆರುವುದೂ ಒಂದು ಚಂದಾವೇ. ಅದಕ್ಕೆ ಯಾರೂ ತ್ರೈರಾಶಿಕ ಹಾಕುವುದಿಲ್ಲ. ಇವೆಲ್ಲವನ್ನೂ ಬರೆದು, ಸವಾಯಿ ಗಂಧರ್ವರನ್ನೂ ಅಯಾನುಗೋಳವನ್ನೂ ಸೇರಿಸಿ, ಸಾಕಷ್ಟು ಉದ್ದದ ಸಂದೇಶ ಕಳಿಸಿದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಮುಂದಿನ ಭಾನುವಾರ ಫೋನು ಮಾಡಿದಾಗ ವಿಷಯ ತಿಳಿಯಿತು. ಅಣ್ಣಿಗೇರಿ ಸಂತೆಯಲ್ಲಿ ಅವರಜ್ಜಿ ಮೆಣಸಿನಕಾಯಿಗೆ ದರ ಕೇಳಿ, ಬ್ಯಾಡ ಬಿಡಪಾ ಎಂದು ಹೊರಳಿ ನಾಲ್ಕು ಹೆಜ್ಜೆ ನಡೆಯುತ್ತಿದ್ದದ್ದನ್ನು ಹುಡುಗ ಸಣ್ಣಂದಿನಲ್ಲಿ ಚೀಲ ಹಿಡಿದು ನೋಡಿದವನು. ಅದೇ ವಿದ್ಯೆ ಪ್ರಯೋಗಿಸಿದ್ದಾನೆ. ಬೇಡವೆಂದು ಫೋನಿನಲ್ಲಿ ಹೇಳಿದ, ಆ ಕಡೆಯ ಹುಡುಗಿ ದರ ಇಳಿಸಿದಳು. ಇವನು ಇನ್ನೆರಡು ಹೆಜ್ಜೆ ನಡೆದ, ಇನ್ನಷ್ಟು ಇಳಿಯಿತು.

"ಅಂತೂ ತಗೊಂಡಿ ಅಂದಂಗಾತು. ಏನೇನ್ ಕೇಳ್ತಿ ಅದರಾಗ?" ಎಂದು ಕೇಳಿದೆ.

"ಅದರಾಗ ಕೇಳಾಕ ನನಗ ಟೈಮ್ ಎಲ್ಲೈತಿ ಮಾಮಾ? ಆಫೀಸ್ ಬಿಟ್ಟು ಮನಿಗೆ ಬರೂ ಹೊತ್ತಿಗೆ ನಿಮ್ಮ ಕಡೆ ಬೆಳಕು ಹರದಿರತೈತಿ. ಫೋನಿನ್ಯಾಗ ಆಕಾಶವಾಣಿ ಆ್ಯಪ್ ಹಚ್ಚಿ ಕಾರಿಗೆ ಜೋಡಿಸಿಬಿಡ್ತೀನಿ. ಇಲ್ಲಿ ಸಂಜಿ ಆರೂವರಿ, ಅಲ್ಲಿ ಮುಂಜಾನೆ ಆರು. ಧಾರವಾಡದ ಭಕ್ತಿಗೀತೆ, ಚಿಂತನ ಎಲ್ಲಾ ಕೇಳ್ಕೋಂತ ಬರ್ತೀನಿ. ಮ್ಯಾಗ ಟ್ರಾಫಿಕ್ ಇದ್ರ ಪ್ರದೇಶ ಸಮಾಚಾರನೂ ಸಿಗತೈತಿ."

"ಮತ್ತ ಆ ಉಪಗ್ರಹಕ್ಕ ರೊಕ್ಕ ಯಾಕ ಕಟ್ಟಿದೆಪಾ?"

"ಅರ್ಧಕ್ಕಿಂತ ಕಡಿಮಿಗೆ ಕೊಟ್ಟರು ಮಾಮಾ. ಬಿಡಾಕ ಮನಸ ಆಗಲಿಲ್ಲ."